ಎಲ್ಲಾರ್ದೂ ಒಪ್ಪಿಗಿ ಐತಿಲ್ರಿ?

ಸೆಪ್ಟೆಂಬರ್ ಬಂತೆಂದರೆ ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ಪೆಂಡಾಲಿನವರಿಗೂ ಮೈಕಿನವರಿಗೂ ಬಿಡುವಿಲ್ಲ. ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಆ ತಿಂಗಳ 25ರೊಳಗೆ ಪ್ರತಿ ಸಂಘವೂ ವಾರ್ಷಿಕ ಮಹಾಸಭೆ ಮುಗಿಸಬೇಕು. ಮನಗೂಳಿ, ಕೊಲ್ಹಾರ, ಹೂವಿನ ಹಿಪ್ಪರಗಿ, ತಾಳಿಕೋಟೆ, ಚಡಚಣ, ಎಲ್ಲಿ ನೋಡಿದರೂ ಸೊಸೈಟಿಯ ಗೋದಾಮಿನ ಮುಂದೆ ಪ್ಲಾಸ್ಟಿಕ್ ಕುರ್ಚಿ, ಒಂದು ಬ್ಯಾನರ್, ಒಲೆಯ ಮೇಲೆ ಶಿರಾ. ಕಾಗದದಲ್ಲಿ ಅದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ. ಬ್ಯಾಂಕಿನವರ ಬಾಯಲ್ಲಿ ಪಿಕೆಪಿಎಸ್. ಊರಿಗೆ ಮಾತ್ರ ಅದು ಎಂದೆಂದಿಗೂ ಸೊಸೈಟಿ.

ಸಭೆ ನಡೆಯುವ ರೀತಿಗೆ ಒಂದು ಧಾಟಿಯಿದೆ. ಮುಖ್ಯ ಕಾರ್ಯನಿರ್ವಾಹಕ, ಅಂದರೆ ಊರವರ ಸೆಕ್ರೆಟರಿ, ವರದಿ ಓದುತ್ತಾರೆ. ಲಾಭ-ಹಾನಿ ತಖ್ತೆ, ಅಢಾವೆ ಪತ್ರಿಕೆ, ಕಟಬಾಕಿದಾರರ ಯಾದಿ, ಮುಂದಿನ ಸಾಲಿನ ಅಂದಾಜು. ಪ್ರತಿ ವಿಷಯ ಮುಗಿದ ಮೇಲೆ ಅವರು ಕನ್ನಡಕ ಮೇಲೆತ್ತಿ ಕೇಳುತ್ತಾರೆ: “ಎಲ್ಲಾರ್ದೂ ಒಪ್ಪಿಗಿ ಐತಿಲ್ರಿ?” ಪ್ರಶ್ನೆ ಪೂರ್ತಿಯಾಗುವ ಮೊದಲೇ ಮುಂದಿನ ಸಾಲಿನಿಂದ ಉತ್ತರ ಬರುತ್ತದೆ: “ಐತ್ರೀ, ಐತ್ರೀ. ಮಂಜೂರ್! ಮುಂದಿಂದು ಓದ್ರಿ.” ಹಿಂದಿನ ರಾತ್ರಿ ಚಹಾದಂಗಡಿಯಲ್ಲಿ ಗೊಬ್ಬರದ ಲೆಕ್ಕದ ಬಗ್ಗೆ ಗಂಟೆಗಟ್ಟಲೆ ಬಾಯಿ ಮಾಡಿದವರು ಹಿಂದಿನ ಸಾಲಿನಲ್ಲಿ ಕೂತು ಮೊಬೈಲ್ ನೋಡುತ್ತಿರುತ್ತಾರೆ. ಠರಾವು ಪುಸ್ತಕದಲ್ಲಿ “ಸರ್ವಾನುಮತದಿಂದ ಅಂಗೀಕರಿಸಲಾಯಿತು” ಎಂದು ಬರೆದಾಗುತ್ತದೆ. ಎಷ್ಟೋ ಕಡೆ ಆ ವಾಕ್ಯ ಸಭೆ ಶುರುವಾಗುವ ಮುನ್ನವೇ ಬರೆದಿಟ್ಟದ್ದು. ಸೂಚಕರು, ಅನುಮೋದಕರು ಎಂಬ ಎರಡು ಖಾಲಿ ಜಾಗ ಮಾತ್ರ ಆಮೇಲೆ ತುಂಬುತ್ತವೆ.

ಈ ಒಪ್ಪಿಗೆಯನ್ನು ಸುಳ್ಳು ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ತಳ್ಳಿಹಾಕಲಾರೆ. ಕುಳಿತವರಲ್ಲಿ ಅರ್ಧ ಜನಕ್ಕೆ ಆ ಲೆಕ್ಕದ ಬಗ್ಗೆ ನಿಜಕ್ಕೂ ತಕರಾರಿರುವುದಿಲ್ಲ. ಉಳಿದವರ ತಕರಾರು ಇರುವುದು ಲೆಕ್ಕದ ಮೇಲಲ್ಲ, ಲೆಕ್ಕ ಬರೆದವರ ಮೇಲೆ. ಅದನ್ನು ಮೈಕಿನಲ್ಲಿ ಹೇಳಿದರೆ ನಾಳೆ ಪತ್ತು ಹೆಚ್ಚಿಸಿಕೊಳ್ಳಲು ಅದೇ ಕೌಂಟರಿಗೆ ಹೋಗಿ ನಿಲ್ಲಬೇಕು. ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಯಾರಿಗೆ ಎಷ್ಟು ಪತ್ತು ಎಂಬುದು ತೀರ್ಮಾನವಾಗುವುದು ಮಾತ್ರ ಸೊಸೈಟಿಯ ಕೋಣೆಯಲ್ಲೇ. ಹೀಗಿರುವಾಗ ಬಾಯಿ ಮುಚ್ಚಿಕೊಂಡವನು ಹೇಡಿಯಲ್ಲ, ಲೆಕ್ಕ ಬಲ್ಲವನು.

ಇನ್ನೊಂದು ಬಗೆಯ ಮೌನವೂ ಇದೆ, ಅದಕ್ಕೆ ಭಯದ ಹಂಗೇ ಬೇಕಿಲ್ಲ. ಅಮೆರಿಕದ ಜೆರ್ರಿ ಹಾರ್ವೆ ಎಂಬ ಪ್ರಾಧ್ಯಾಪಕ 1974ರಲ್ಲಿ ಬರೆದ ಪ್ರಬಂಧವೊಂದರಲ್ಲಿ ತನ್ನ ಮಾವನ ಮನೆಯ ಕತೆ ಹೇಳಿದ. ಟೆಕ್ಸಾಸಿನ ಕೋಲ್ಮನ್ ಎಂಬ ಸಣ್ಣ ಊರು, ನಮ್ಮ ಏಪ್ರಿಲ್ ತಿಂಗಳಂಥ ಬಿಸಿಲು. ಮನೆಮಂದಿ ಆರಾಮಾಗಿ ಆಟವಾಡುತ್ತ ಕುಳಿತಿದ್ದಾಗ ಮಾವ “ಅಬಿಲೀನಿಗೆ ಹೋಗಿ ಊಟ ಮಾಡೋಣವೇ” ಎಂದ. 53 ಮೈಲಿ ದೂರ, ಕಾರಿಗೆ ಎಸಿ ಇಲ್ಲ. ಹೆಂಡತಿ ಹೂಂ ಎಂದಳು, ಅಳಿಯ ಹೂಂ ಎಂದ, ಅತ್ತೆಯೂ ಹೂಂ ಎಂದಳು. ಧೂಳು ತಿಂದು, ಕೆಟ್ಟ ಊಟ ಮಾಡಿ, ಸೋತು ಮನೆಗೆ ಬಂದ ಮೇಲೆ ಗೊತ್ತಾಯಿತು: ಹೋಗುವ ಮನಸ್ಸು ಒಬ್ಬರಿಗೂ ಇರಲಿಲ್ಲ. ಎಲ್ಲರಿಗೂ ಬೇಸರವಾಗಿರಬಹುದೆಂದು ಊಹಿಸಿ ಮಾವ ಸುಮ್ಮನೆ ಕೇಳಿದ್ದ. ಅವನಿಗೆ ಬೇಸರವಾಗಬಾರದೆಂದು ಉಳಿದವರು ಒಪ್ಪಿದ್ದರು. ನಮ್ಮ ಎಷ್ಟು ಸಂಘಗಳು ಬೇಡದ ವಾಣಿಜ್ಯ ಮಳಿಗೆ ಕಟ್ಟಿಸಿ ಬಾಡಿಗೆದಾರರಿಗಾಗಿ ದಾರಿ ನೋಡುತ್ತ ಕೂತಿಲ್ಲ?

ಹೀಗೆ ಕೂಡಿ ಕುಳಿತು ದುಡ್ಡಿನ ತೀರ್ಮಾನ ಮಾಡುವ ವಾಡಿಕೆಗೆ ಈ ಸೀಮೆಯಲ್ಲಿ ಕಲ್ಲಿನ ಸಾಕ್ಷಿಯಿದೆ, ಮೊದಲು ಹೇಳಿದ ಮನಗೂಳಿಯಲ್ಲೇ. ವಿಜಯಪುರದ ಕೋಟೆಗೋಡೆಯ ಒಂದು ಅಗಸಿಗೇ ಈ ಊರಿನ ಹೆಸರು. ಇವತ್ತು ಹೊಸಪೇಟೆಯ ಕಡೆಗೆ ಓಡುವ ಲಾರಿಗಳು ದಾಟಿ ಹೋಗುವ ಈ ಊರು 12ನೇ ಶತಮಾನದಲ್ಲಿ ಮಹಾಜನರಿದ್ದ ದೊಡ್ಡ ಸ್ಥಳ. ಇಲ್ಲಿನ ಶಾಸನಗಳನ್ನು ಜೆ.ಎಫ್. ಫ್ಲೀಟ್ ಎಪಿಗ್ರಾಫಿಯಾ ಇಂಡಿಕಾದ ಐದನೇ ಸಂಪುಟದಲ್ಲಿ ಪ್ರಕಟಿಸಿದ. ಅವುಗಳಲ್ಲಿ ಪ್ರಸಿದ್ಧವಾದದ್ದು 1161ರದು, ಕಳಚುರಿ ಬಿಜ್ಜಳನ ಕಾಲದ್ದು. ಅದರಲ್ಲಿ ಬರುವ ಬಸವ ಎಂಬ ಹೆಸರು ಪಕ್ಕದ ಬಾಗೇವಾಡಿಯ ಬಸವಣ್ಣನದೋ ಬೇರೆಯವರದೋ ಎಂದು ವಿದ್ವಾಂಸರು ಬಹಳ ಜಗಳವಾಡಿದ್ದಾರೆ. ಆ ಜಗಳ ನಮಗೀಗ ಬೇಡ. ನನ್ನ ಕಣ್ಣು ಹೋಗುವುದು ಆ ಕಾಲದ ಈ ಭಾಗದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ವ್ಯಾಪಾರದ ಮಾತಿನ ಕಡೆಗೆ.

ದೇವಸ್ಥಾನದ ದೀಪಕ್ಕೆ ಎಣ್ಣೆ ಬೇಕು. ರಾಜ ಭೂಮಿ ಕೊಟ್ಟ, ಆಯಿತು. ಆದರೆ ಗಾಣಕ್ಕೆ ಇಷ್ಟು ಎಣ್ಣೆ, ವೀಳ್ಯದೆಲೆಯ ಹೇರಿಗೆ ಇಷ್ಟು ಎಲೆ, ಧಾನ್ಯದ ಹೇರಿಗೆ ಇಷ್ಟು ಮಾನ ಎಂದು ಗೊತ್ತುಮಾಡಿಕೊಂಡವರು ಸ್ವತಃ ಗಾಣಿಗರು, ತಾಂಬೂಲಿಗರು, ಸೆಟ್ಟಿಗಳು. ಗಾಣಿಗರ ಒಕ್ಕಲುಗಳೆಲ್ಲ ಸೇರಿದವು, ನಕರ ಎಂಬ ವ್ಯಾಪಾರಿ ಕೂಟದವರು ಸೇರಿದರು, ಅಯ್ಯಾವೊಳೆಯ ಐನೂರ್ವರು ಸೇರಿದರು, ಎಲ್ಲರೂ ನೆರೆದು ಒಟ್ಟಾಗಿ ಬಿಟ್ಟರು ಎಂದು ಶಾಸನ ಹೇಳುತ್ತದೆ. ಆ ಐನೂರ್ವರ ಮೂಲ ನೆಲೆ ಐಹೊಳೆ 1997ರವರೆಗೂ ನಮ್ಮ ವಿಜಾಪುರ ಜಿಲ್ಲೆಯೊಳಗೇ ಇತ್ತು. ದಕ್ಷಿಣ ಭಾರತದುದ್ದಕ್ಕೂ, ಸಮುದ್ರದಾಚೆಗೂ ವ್ಯಾಪಾರ ಮಾಡಿದ ಆ ಸಂಘದ ಹೆಸರಲ್ಲಿ ಒಬ್ಬ ಮಾಲಕನಿಲ್ಲ, ಐನೂರು ಜನರಿದ್ದಾರೆ.

ಇದನ್ನೋದಿ ‘ಆಹಾ, ನಮ್ಮ ಹಿರಿಯರು ಎಷ್ಟು ಒಗ್ಗಟ್ಟಾಗಿದ್ದರು’ ಎಂದು ಕಣ್ಣು ತುಂಬಿಕೊಳ್ಳುವ ಮೊದಲು ಒಂದು ಮಾತು. ಶಾಸನ ಎಂದರೆ ಆ ಕಾಲದ ಠರಾವು ಪುಸ್ತಕ. ಅಲ್ಲಿಯೂ ಒಪ್ಪದವನ ಹೆಸರು ಬರೆದಿರುವುದಿಲ್ಲ. ಗಾಣಕ್ಕೊಂದು ಸೌಟು ಎಣ್ಣೆ ಭಾರವಾಯಿತು ಎಂದ ಬಡ ಗಾಣಿಗ ಇದ್ದನೋ ಇಲ್ಲವೋ, ಕಲ್ಲು ಮಾತಾಡುವುದಿಲ್ಲ. ಆದರೂ ಒಂದು ಸಂಗತಿ ಮೆಚ್ಚಬೇಕಾದ್ದು: ಕೈಯಿಂದ ಕೊಡುವವರ ಹೆಸರಲ್ಲೇ ಮಾತು ದಾಖಲಾಗಿದೆ. ಗಾಣಿಗರ ಮೇಲಿನ ಹೊರೆಯನ್ನು ಗಾಣಿಗರೇ ಹೊತ್ತುಕೊಂಡರು ಎಂದು ಬರೆಯಬೇಕೆಂಬ ಅನಿವಾರ್ಯತೆ ಆಗಿನವರಿಗೂ ಕಂಡಿತ್ತು.

ಈಗಿನ ಸಹಕಾರ ಚಳವಳಿಯೂ ಹುಟ್ಟಿದ್ದು ನಮಗೆ ಬಹಳ ದೂರದಲ್ಲೇನಲ್ಲ. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಹೆಸರಾದದ್ದು. ಇಂಗ್ಲೆಂಡಿನ ರಾಚ್‌ಡೇಲ್‌ನ ನೇಕಾರರು, ಕುಶಲಕರ್ಮಿಗಳು 1844ರಲ್ಲಿ ಕೂಡಿ ತೆರೆದ ಅಂಗಡಿಯ ನಿಯಮ ಇಲ್ಲಿಗೂ ಬಂತು: ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ನೂರು ಎಕರೆಯ ಗೌಡರಿಗೂ ಎರಡೆಕರೆಯ ರೈತನಿಗೂ ಸಮ. ಕಾಗದದಲ್ಲಿ ಇಂಥ ಸಮಾನತೆ ಬಂದ ಮೇಲೆ ಅದನ್ನು ಬಳಸದೆ ಹೇಗೆ ಕೆಲಸ ಸಾಗಿಸುವುದು ಎಂಬ ಜಾಣ್ಮೆಯೂ ಬೆಳೆಯಿತು. ಅದರ ಹೆಸರು ಅವಿರೋಧ ಆಯ್ಕೆ.

ಸೊಸೈಟಿಯ ಆಡಳಿತ ಮಂಡಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ. ಸಾಲಗಾರರ ಕ್ಷೇತ್ರ, ಸಾಲಗಾರರಲ್ಲದವರ ಕ್ಷೇತ್ರ, ಮಹಿಳೆ, ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ‘ಅ’, ‘ಬ’. ನಾಮಪತ್ರ ಹಾಕುವ ದಿನ ಕಚೇರಿ ಮುಂದೆ ಜಾತ್ರೆ. ವಾಪಸ್ ತೆಗೆದುಕೊಳ್ಳುವ ಕೊನೆಯ ದಿನ ಮಧ್ಯಾಹ್ನದ ಹೊತ್ತಿಗೆ ಎಷ್ಟು ಸ್ಥಾನವೋ ಅಷ್ಟೇ ಜನ ಉಳಿದಿರುತ್ತಾರೆ. ರಿಟರ್ನಿಂಗ್ ಅಧಿಕಾರಿ ಘೋಷಣೆ ಮಾಡಿದ ಕೂಡಲೇ ಗುಲಾಲು, ಪಟಾಕಿ, ಮರುದಿನದ ಪೇಪರಿನ ಒಳಪುಟದಲ್ಲಿ ಹಾರ ಹಾಕಿಕೊಂಡವರ ಫೋಟೋ. ನಡುವಿನ ಆ ನಾಲ್ಕಾರು ದಿನಗಳಲ್ಲಿ ಏನಾಯಿತು ಎಂಬುದು ಯಾವ ಪೇಪರಿನಲ್ಲೂ ಬರುವುದಿಲ್ಲ.

ಆಗುವುದಿಷ್ಟು. ಊರಿನ ನಾಲ್ಕು ಹಿರಿಯರು ಒಬ್ಬೊಬ್ಬರ ಮನೆಗೆ ಹೋಗುತ್ತಾರೆ. ರಾತ್ರಿ ಊಟವಾದ ಮೇಲೆ, ಹೊರಗಿನ ಕಟ್ಟೆಯ ಮೇಲಲ್ಲ, ಒಳಗೆ ಪಡಸಾಲೆಯಲ್ಲಿ. “ಈ ಸಲ ನೀ ತಡಕೋ ತಮ್ಮಾ, ಬರೂ ಸಲ ನಿಂದ ಹೆಸರ. ಊರಾಗ ಎರಡು ಪಾರ್ಟಿ ಆಗೂದು ಬ್ಯಾಡ.” “ಕಾಕಾ, ಹೋದ ಸಲಾನೂ ಹಿಂಗ ಅಂದಿದ್ರಿ.” “ಅಂದಿದ್ದೆ, ಖರೆ. ಈ ಸಲ ನಾನ ಜಾಮೀನ.” ಇಷ್ಟಕ್ಕೆ ಬಗೆಹರಿಯದಿದ್ದರೆ ಕಾಲವನ್ನೇ ಹಂಚುವುದುಂಟು: ಅಧ್ಯಕ್ಷಗಿರಿ ಇವರಿಗೆ 30 ತಿಂಗಳು, ಅವರಿಗೆ 30 ತಿಂಗಳು. ಮೂವರಿದ್ದರೆ 20-20-20. ದೇವರ ಮುಂದೆ ಭಂಡಾರ ಮುಟ್ಟಿ ಆಣೆ. ಮೊದಲ 30 ತಿಂಗಳು ಮುಗಿದ ದಿನ ರಾಜೀನಾಮೆ ಕೊಡುವ ಅಧ್ಯಕ್ಷನನ್ನು ಊರು ಹತ್ತು ವರ್ಷ ಹೊಗಳುತ್ತದೆ. ಕೊಡದವನ ಮೇಲೆ ಅವಿಶ್ವಾಸ ಗೊತ್ತುವಳಿ ಬರುತ್ತದೆ.

ಅವಿರೋಧದಿಂದ ಲಾಭವಿಲ್ಲವೆಂದಲ್ಲ. ಚುನಾವಣೆಯ ಖರ್ಚು ಸಂಘದ ಮೇಲೆ ಬೀಳುವುದು ತಪ್ಪುತ್ತದೆ. ಅಣ್ಣತಮ್ಮಂದಿರ ನಡುವೆ ಮಾತು ಬಿಡುವುದು ತಪ್ಪುತ್ತದೆ. ಇದು ಸಣ್ಣ ಸಂಗತಿಯಲ್ಲ. ಸೊಸೈಟಿ ಚುನಾವಣೆಯಲ್ಲಿ ಸೋತವರು ಮುಂದಿನ ಐದು ವರ್ಷ ಲಗ್ನಕ್ಕೆ ಕರೆಯದ ಊರುಗಳಿವೆ. ಆದರೆ ಆ ಪಡಸಾಲೆಯಲ್ಲಿ ಯಾರು ಕೂತಿದ್ದರು ಎಂಬುದನ್ನು ನೋಡಬೇಕು. ಹೆಂಗಸರ ಮೀಸಲು ಸ್ಥಾನಕ್ಕೆ ಹೆಸರು ನಿಂತದ್ದು ಯಾರದು, ಮಾತಾಡಿದವರು ಯಾರು? ಗಂಡಂದಿರು. ಪರಿಶಿಷ್ಟ ಜಾತಿಯ ಸ್ಥಾನಕ್ಕೆ ಇವನೇ ಆಗಲಿ ಎಂದು ತೀರ್ಮಾನಿಸಿದ ಮನೆ ಯಾವ ಓಣಿಯದು? ಅವಿರೋಧ ಎನ್ನುವುದು ಎಲ್ಲರ ಒಪ್ಪಿಗೆಯಾಗಬೇಕಾದರೆ ಎಲ್ಲರೂ ಅಲ್ಲಿರಬೇಕಿತ್ತು. ಮೂರು ನಾಲ್ಕು ಮನೆಗಳ ಒಪ್ಪಿಗೆಯನ್ನು ಊರಿನ ಒಪ್ಪಿಗೆ ಎಂದು ಓದಿ ಹೇಳುವ ಕೆಲಸವನ್ನಷ್ಟೇ ರಿಟರ್ನಿಂಗ್ ಅಧಿಕಾರಿ ಮಾಡಿದ್ದಾರೆ.

ಇನ್ನು ಮತ ಹಾಕುವುದೇ ಲೇಸು ಎನ್ನುವವರಿಗೂ ಉತ್ತರ ಸಲೀಸಲ್ಲ. ಮಹಾಸಭೆಗೆ ಬಾರದವರಿಗೆ, ಸಂಘದೊಡನೆ ವ್ಯವಹಾರ ಮಾಡದವರಿಗೆ ಮತದ ಹಕ್ಕಿಲ್ಲ ಎಂಬ ತಿದ್ದುಪಡಿ ಬಂದ ಮೇಲೆ ಅರ್ಹ ಮತದಾರರ ಯಾದಿ, ಅನರ್ಹರ ಯಾದಿ ಎಂದು ಎರಡಾದವು. ಅನರ್ಹರಾದವರು ಹೈಕೋರ್ಟಿನ ಕಲಬುರಗಿ ಪೀಠಕ್ಕೆ ಓಡಿದರು. ಸಭೆಗೆ ಬಂದಿದ್ದಕ್ಕೆ ಗುರುತು ಹಾಜರಿ ಪುಸ್ತಕದ ಸಹಿ. ಆ ಪುಸ್ತಕ ಇರುವುದು ಯಾರ ಕೈಯಲ್ಲಿ? ಮತ ಬಂದರೆ ಜಗಳ ತೀರುತ್ತದೆ ಎಂದುಕೊಂಡರೆ, ಯಾರಿಗೆ ಮತ ಎಂಬಲ್ಲಿ ಜಗಳ ಮೊದಲಾಗುತ್ತದೆ.

ಹಾಗಾದರೆ ಯಾವುದಕ್ಕೆ ಎಲ್ಲರ ಒಪ್ಪಿಗೆ ಬೇಕು, ಯಾವುದಕ್ಕೆ ಹೆಚ್ಚು ಜನರ ಮಾತು ಸಾಕು? ಆಶ್ಚರ್ಯವೆಂದರೆ ಇದಕ್ಕೆ ಒಳ್ಳೆಯ ಉತ್ತರ ಇರುವುದು 1932ರ ಪಾಲುದಾರಿಕೆ ಕಾಯ್ದೆಯಲ್ಲಿ. ಗೊಬ್ಬರದಂಗಡಿ, ದಾಲ್ ಮಿಲ್ಲು, ದ್ರಾಕ್ಷಿ ಮಣೂಕದ ಕೋಲ್ಡ್ ಸ್ಟೋರೇಜು ನಡೆಸುವ ಭಾಗೀದಾರರೆಲ್ಲ ಸ್ಟಾಂಪ್ ಪೇಪರಿನ ಮೇಲೆ ಸಹಿ ಹಾಕಿರುತ್ತಾರೆ, ಓದಿದವರು ಕಡಿಮೆ. ಅದರ 12ನೇ ಕಲಂ ಹೀಗೆನ್ನುತ್ತದೆ: ದಿನನಿತ್ಯದ ವ್ಯವಹಾರದಲ್ಲಿ ಭಿನ್ನಾಭಿಪ್ರಾಯ ಬಂದರೆ ಹೆಚ್ಚಿನವರು ಹೇಳಿದ್ದು ನಡೆಯಲಿ. ಆದರೆ ತೀರ್ಮಾನಕ್ಕೆ ಮುನ್ನ ತನ್ನ ಅಭಿಪ್ರಾಯ ಹೇಳುವ ಹಕ್ಕು ಪ್ರತಿ ಪಾಲುದಾರನಿಗೂ ಇದೆ. ಇನ್ನು ವ್ಯಾಪಾರದ ಸ್ವರೂಪವನ್ನೇ ಬದಲಿಸುವುದಾದರೆ ಎಲ್ಲರೂ ಒಪ್ಪಬೇಕು. ಹೊಸ ಪಾಲುದಾರನನ್ನು ಒಳಗೆ ತರುವುದಕ್ಕೂ, ಬೇರೆ ಕರಾರು ಇಲ್ಲದಿದ್ದರೆ, ಎಲ್ಲರೂ ಒಪ್ಪಬೇಕು.

ಮೂವರ ಗೊಬ್ಬರದಂಗಡಿಯನ್ನೇ ತೆಗೆದುಕೊಳ್ಳಿ. ಈ ವಾರ ಯೂರಿಯಾ ಲೋಡು ತರಿಸುವುದೋ ಡಿಎಪಿ ತರಿಸುವುದೋ ಎಂಬುದಕ್ಕೆ ಮೂವರೂ ಒಂದೇ ಮಾತಾಗುವವರೆಗೆ ಕಾಯುತ್ತ ಕೂತರೆ ಮಳೆ ಬಂದು ಹೋಗುತ್ತದೆ. ಇಬ್ಬರು ಹೇಳಿದ್ದು ಸಾಕು. ಅಂಗಡಿ ಮುಚ್ಚಿ ಬಾರ್ ತೆರೆಯೋಣ ಎಂದು ಇಬ್ಬರು ಹೊರಟರೆ ಮೂರನೆಯವನು ಬೇಡ ಎನ್ನಬಲ್ಲ, ಅವನೊಬ್ಬನ ಬೇಡವೇ ಸಾಕು. ಎರಡರ ನಡುವೆ ನಿಂತಿರುವ ಆ ಸಣ್ಣ ಮಾತು, ‘ತೀರ್ಮಾನಕ್ಕೆ ಮುನ್ನ ಹೇಳುವ ಹಕ್ಕು’, ನನಗೆ ಕಾಯ್ದೆಯ ಬೆಲೆಬಾಳುವ ಭಾಗವಾಗಿ ಕಾಣುತ್ತದೆ. ಸೋಲುವವನ ಮಾತನ್ನೂ ಸೋಲುವ ಮೊದಲು ಕೇಳಿಸಿಕೊಳ್ಳಬೇಕು. ಕಂಪನಿಗಳ ಲೋಕದಲ್ಲೂ ಈ ತಾರತಮ್ಯವಿದೆ. ಸಾದಾ ಠರಾವಿಗೆ ಅರ್ಧಕ್ಕಿಂತ ಹೆಚ್ಚು ಮತ, ವಿಶೇಷ ಠರಾವಿಗೆ ವಿರೋಧದ ಮೂರು ಪಟ್ಟು ಮತ.

ಕಂಪನಿಯ ಮಾತು ಬಂದಾಗ ಕನ್ನಡನಾಡಿನ ಒಂದು ಕೋಣೆ ನೆನಪಾಗಲೇಬೇಕು. 1990ರ ಚಳಿಗಾಲದ ಒಂದು ಬೆಳಗ್ಗೆ ಬೆಂಗಳೂರಿನ ಸಣ್ಣ ಕಚೇರಿಯಲ್ಲಿ ಇನ್ಫೊಸಿಸ್‌ನ ಏಳು ಸ್ಥಾಪಕರಲ್ಲಿ ಐವರು ಕೂತಿದ್ದರು. ಕಂಪನಿಯನ್ನು 10 ಲಕ್ಷ ಡಾಲರಿಗೆ ಕೊಳ್ಳಲು ಗಿರಾಕಿ ಬಂದಿದ್ದ. ಒಂಬತ್ತು ವರ್ಷದ ದುಡಿಮೆಯ ಬಳಿಕ ಅದು ಸಣ್ಣ ಮೊತ್ತವೇನಲ್ಲ. ಎನ್.ಆರ್. ನಾರಾಯಣಮೂರ್ತಿ 2007ರಲ್ಲಿ ನ್ಯೂಯಾರ್ಕಿನ ಸ್ಟರ್ನ್ ಬಿಸಿನೆಸ್ ಸ್ಕೂಲಿನಲ್ಲಿ ಮಾಡಿದ ಭಾಷಣದಲ್ಲಿ ಆ ಬೆಳಗ್ಗೆಯ ಕತೆ ಹೇಳಿದ್ದಾರೆ. ಮೊದಲು ಕಿರಿಯರೆಲ್ಲ ಮಾತಾಡಲಿ ಎಂದು ಸುಮ್ಮನೆ ಕೂತರಂತೆ. ಎಲ್ಲರ ಮಾತು ಮಾರುವ ಕಡೆಗೇ ಇತ್ತು. ತಮ್ಮ ಸರದಿ ಬಂದಾಗ 1981ರಿಂದ ನಡೆದು ಬಂದ ದಾರಿಯನ್ನು ನೆನಪಿಸಿ, ನಿಮಗೆಲ್ಲ ಮಾರಲೇಬೇಕಿದ್ದರೆ ನಿಮ್ಮ ಪಾಲನ್ನು ನಾನೇ ಕೊಳ್ಳುತ್ತೇನೆ ಎಂದರಂತೆ, ಕೈಯಲ್ಲಿ ಕಾಸಿಲ್ಲದಿದ್ದರೂ. ಒಂದು ಗಂಟೆ ವಾದ ನಡೆದು ಎಲ್ಲರೂ ಉಳಿಯಲು ಒಪ್ಪಿದರು.

ಗೆದ್ದವರು ಹೇಳಿದ ಕತೆ ಎಂದು ಸ್ವಲ್ಪ ಅನುಮಾನದಿಂದಲೇ ಕೇಳೋಣ. ಆದರೂ ಕಲಿಯಬೇಕಾದ್ದು ಎರಡಿದೆ. ದೊಡ್ಡವನು ಕೊನೆಗೆ ಮಾತಾಡಿದ. ಅವನೇ ಮೊದಲು ಬಾಯಿಬಿಟ್ಟಿದ್ದರೆ ಉಳಿದವರ ಮನಸ್ಸಲ್ಲಿದ್ದದ್ದು ಹೊರಗೆ ಬರುತ್ತಲೇ ಇರಲಿಲ್ಲ. ಎರಡನೆಯದು, ಒಪ್ಪದವರಿಗೆ ದುಡ್ಡು ತೆಗೆದುಕೊಂಡು ಮರ್ಯಾದೆಯಿಂದ ಹೊರಡುವ ದಾರಿಯಿತ್ತು. ಹೋಗಬಹುದಾಗಿದ್ದೂ ಉಳಿದವನ ಒಪ್ಪಿಗೆಗೆ ಬೇರೆಯೇ ತೂಕ. ಸೊಸೈಟಿಯ ರೈತನಿಗೆ ಈ ಸೌಲಭ್ಯವಿಲ್ಲ. ಊರಿಗೊಂದೇ ಸೊಸೈಟಿ, ಹೊಲ ಎತ್ತಿಕೊಂಡು ಎಲ್ಲಿಗೆ ಹೋದಾನು? ಹೊರಹೋಗಲು ದಾರಿಯಿಲ್ಲದ ಕಡೆ ಒಳಗೆ ಮಾತಾಡುವ ಜಾಗ ದೊಡ್ಡದಿರಬೇಕು. ನಮ್ಮಲ್ಲಿ ಅದೇ ಇಕ್ಕಟ್ಟು.

ಜಪಾನಿನ ಕಂಪನಿಗಳು ಸಭೆಗೆ ಮೊದಲೇ ಒಬ್ಬೊಬ್ಬರ ಮೇಜಿನ ಬಳಿ ಹೋಗಿ ಮಾತಾಡಿ, ಆಮೇಲೆ ಪ್ರಸ್ತಾಪದ ಕಾಗದವನ್ನು ಕೆಳಗಿನಿಂದ ಮೇಲಿನವರೆಗೆ ಸುತ್ತಿಸಿ ಎಲ್ಲರ ಮುದ್ರೆ ಒತ್ತಿಸಿಕೊಳ್ಳುತ್ತವೆ. ರಿಂಗಿ ಎಂಬ ಈ ಪದ್ಧತಿಯನ್ನು ಮ್ಯಾನೇಜ್‌ಮೆಂಟ್ ಪುಸ್ತಕಗಳು ದೊಡ್ಡ ಶೋಧವೆಂಬಂತೆ ವರ್ಣಿಸುತ್ತವೆ. ನಮ್ಮ ಹಿರಿಯರು ರಾತ್ರಿ ಪಡಸಾಲೆಗೆ ಹೋಗುವುದೂ ಅದೇ ಅಲ್ಲವೇ? ವ್ಯತ್ಯಾಸವೊಂದೇ. ಅಲ್ಲಿ ಕಾಗದ ಕೆಳಗಿನವನ ಮೇಜಿನಿಂದ ಹೊರಡುತ್ತದೆ, ಇಲ್ಲಿ ಮಾತು ಮೇಲಿನವನ ಮನೆಯಿಂದ ಹೊರಡುತ್ತದೆ. ಇಂಗ್ಲೆಂಡಿನ ಕ್ವೇಕರ್ ಪಂಥದವರದು ಇನ್ನೂ ಬಿಗಿ. 17ನೇ ಶತಮಾನದಿಂದ ಅವರು ತಮ್ಮ ವ್ಯವಹಾರದ ಸಭೆಗಳಲ್ಲಿ ಮತ ಹಾಕಿದವರೇ ಅಲ್ಲ. ಚರ್ಚೆ ನಡೆದ ಮೇಲೆ ಗುಮಾಸ್ತ ಅಲ್ಲೇ ಕೂತು ಠರಾವು ಬರೆದು ಓದುತ್ತಾನೆ. ಯಾರಿಗಾದರೂ ಸರಿಬರದಿದ್ದರೆ ಅಲ್ಲೇ ತಿದ್ದಿ ಮತ್ತೆ ಓದುತ್ತಾನೆ. ಒಪ್ಪದವನು ‘ನನಗೆ ಸಮ್ಮತಿಯಿಲ್ಲ, ಆದರೆ ಅಡ್ಡ ನಿಲ್ಲುವುದಿಲ್ಲ’ ಎಂದು ಪಕ್ಕಕ್ಕೆ ಸರಿಯಬಹುದು.

ಎಲ್ಲರೂ ಒಪ್ಪಲೇಬೇಕೆಂದು ಹಟ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಪೋಲೆಂಡ್ ಇದೆ. ಅಲ್ಲಿನ ಸಂಸತ್ತಿನಲ್ಲಿ ಯಾವನೇ ಒಬ್ಬ ಸದಸ್ಯ ಬೇಡವೆಂದರೂ ಅಧಿವೇಶನವೇ ಬರಖಾಸ್ತು. 1652ರಿಂದ ಈ ಆಟ ನಡೆದು, ನೆರೆಯ ರಾಜರು ಒಬ್ಬೊಬ್ಬ ಸದಸ್ಯನನ್ನು ಕೊಂಡುಕೊಳ್ಳತೊಡಗಿದರು. 1795ರ ಹೊತ್ತಿಗೆ ಪೋಲೆಂಡ್ ಎಂಬ ದೇಶ ನಕಾಶೆಯಲ್ಲೇ ಉಳಿಯಲಿಲ್ಲ. ನಮ್ಮಲ್ಲಿ ಕಾಲುವೆ ಕಟ್ಟಿದ ಊರುಗಳವರಿಗೆ ಇದು ಹೊಸದಲ್ಲ. ಹೊಲಗಾಲುವೆ ತನ್ನ ಬದುವಿನ ಮೇಲೆ ಹಾಯಬಾರದೆಂದು ಕಾಲುವೆಯ ತಲೆಗಿರುವ ಒಬ್ಬ ಮೊಂಡು ಹಿಡಿದರೆ ಆಲಮಟ್ಟಿಯಲ್ಲಿ 123 ಟಿಎಂಸಿ ತುಂಬಿದ್ದರೂ ತುದಿಯ ರೈತ ಮುಗಿಲು ನೋಡಬೇಕು.

ಇಷ್ಟೆಲ್ಲ ಹೇಳಿದ ಮೇಲೆ, ವ್ಯವಹಾರದಲ್ಲಿ ಎಲ್ಲರನ್ನೂ ಒಪ್ಪಿಸಿ ನಡೆಯುವುದು ಹೇಗೆಂದು ನನಗೆ ಕಂಡಿರುವ ಅತ್ಯುತ್ತಮ ಜಾಗ ಯಾವ ಬೋರ್ಡ್ ರೂಮೂ ಅಲ್ಲ, ಹೆಂಗಸರ ಸಂಘ. 1980ರ ದಶಕದ ನಡುವೆ ಮೈರಾಡ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸಣ್ಣ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ಬ್ಯಾಂಕ್ ಜೋಡಣೆ ಶುರುಮಾಡಿತು, 2000ದ ಆಸುಪಾಸಿನಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಬಂತು. ಹತ್ತರಿಂದ ಇಪ್ಪತ್ತು ಜನ, ಅದಕ್ಕಿಂತ ಹೆಚ್ಚಿಲ್ಲ.

ಅಂಥದೊಂದು ಸಭೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಅಂಗನವಾಡಿಯ ಒಳಗೆ ಜಮಖಾನೆಯ ಮೇಲೆ ಹದಿನಾರು ಹೆಂಗಸರು ಸುತ್ತುಗಟ್ಟಿ ಕೂತಿದ್ದಾರೆ. ಮಿರಗ ಮಳೆ ಕೂಡುವ ಹೊತ್ತು. ಪೆಟ್ಟಿಗೆಯಲ್ಲಿರುವ ದುಡ್ಡು ಒಬ್ಬರಿಗೆ ಪೂರ್ತಿ ಸಾಲುತ್ತದೆ, ಇನ್ನೊಬ್ಬರಿಗೆ ಅರ್ಧ. ಕೇಳಿದವರು ಮೂವರು: ಒಬ್ಬಳಿಗೆ ಎಮ್ಮೆ ಕೊಳ್ಳಬೇಕು, ಒಬ್ಬಳ ಮಗಳ ಬಾಣಂತನ, ಒಬ್ಬಳಿಗೆ ತೊಗರಿ ಬೀಜ ಮತ್ತು ಗೊಬ್ಬರ. ಕೈ ಎತ್ತಿಸಿ ಮತ ಎಣಿಸಿದರೆ ಎರಡು ನಿಮಿಷದ ಕೆಲಸ. ಯಾರೂ ಎಣಿಸುವುದಿಲ್ಲ. ಒಬ್ಬೊಬ್ಬರೂ ಮಾತಾಡುತ್ತಾರೆ, ಮಾತಾಡದವಳನ್ನು “ನೀ ಏನಂತೀ ಶಾಂತಕ್ಕಾ?” ಎಂದು ಹೆಸರು ಹಿಡಿದು ಕೇಳುತ್ತಾರೆ. ಹಿರಿಯಳೊಬ್ಬಳು ಹೇಳುತ್ತಾಳೆ: “ಎಮ್ಮಿ ಒಂದ ತಿಂಗಳ ತಡದ್ರ ನಡೀತದ. ಬಿತ್ತಿಗಿ ಎಂಟ ದಿನ ತಡದ್ರ ವರ್ಷನ ಹೋಗ್ತದ.” ಎಮ್ಮೆಯವಳ ಮುಖ ಸಣ್ಣದಾಗುತ್ತದೆ. “ಹೋದ ವರ್ಷಾನೂ ನನ್ನ ಪಾಳಿ ಹಿಂದಕ್ಕ ಹಾಕಿದ್ರಿ, ಪುಸ್ತಕ ನೋಡ್ರಿ.” ಪುಸ್ತಕ ನೋಡುತ್ತಾರೆ. ಖರೆ ಇದೆ. ಹದಿನೈದು ನಿಮಿಷ ಗದ್ದಲ. ಕಡೆಗೆ ಬೀಜಕ್ಕೆ ಪೂರ್ತಿ, ಬಾಣಂತನಕ್ಕೆ ಅರ್ಧ, ಮುಂದಿನ ತಿಂಗಳು ಬರುವ ಕಂತಿನಲ್ಲಿ ಮೊದಲ ಹೆಸರು ಎಮ್ಮೆಯವಳದು ಎಂದು ಬರೆದು ಓದಿ ಹೇಳುತ್ತಾರೆ. ಬಾಣಂತನಕ್ಕೆ ಸಾಲದ ಅರ್ಧವನ್ನು ಇಬ್ಬರು ಕೈಗಡವಾಗಿ ಹೊಂದಿಸುತ್ತಾರೆ, ಅದು ಪುಸ್ತಕಕ್ಕೆ ಬರುವುದಿಲ್ಲ. ಹದಿನಾರು ಸಹಿ, ಕೆಲವು ಹೆಬ್ಬೆಟ್ಟು.

ಎಮ್ಮೆಯವಳು ಒಪ್ಪಿದಳೇ? ಮನಸಾರೆ ಇಲ್ಲ. ಆದರೆ ಅವಳ ಮಾತು ಎಲ್ಲರ ಕಿವಿಗೂ ಬಿತ್ತು, ಅವಳ ದೂರು ಖರೆ ಎಂದು ಪುಸ್ತಕ ಹೇಳಿತು, ಮುಂದಿನ ಸರದಿ ಬರಹದಲ್ಲಿ ಸಿಕ್ಕಿತು. ಮುಂದಿನ ವಾರವೂ ಅವಳು ಬರುತ್ತಾಳೆ.

ಇದು ಹೆಂಗಸರು ಸ್ವಭಾವತಃ ಒಳ್ಳೆಯವರೆಂಬುದರಿಂದ ಆಗುವುದಲ್ಲ. ಹೀಗೆ ಹೇಳುವವರು ನೀರಿನ ನಳದ ಮುಂದಿನ ಜಗಳ ನೋಡಿಲ್ಲ. ಕೊಡುವ ದುಡ್ಡು ಅವರದೇ ಉಳಿತಾಯ, ಮುಳುಗಿದರೆ ಹದಿನಾರು ಮನೆಗೂ ಹೊಡೆತ. ಯಾರ ಗಂಡ ಕುಡಿಯುತ್ತಾನೆ, ಯಾರ ಹೊಲಕ್ಕೆ ನೀರಿದೆ ಎಂಬುದು ಎಲ್ಲರಿಗೂ ಗೊತ್ತು, ಸುಳ್ಳು ಅರ್ಜಿ ನಡೆಯುವುದಿಲ್ಲ. ಇವತ್ತು ಕೊಡುವವಳು ಮುಂದಿನ ತಿಂಗಳು ಕೇಳುವವಳು. ಮತ್ತು ಪ್ರತಿ ವಾರ ಅದೇ ಮುಖಗಳು. ವರ್ಷಕ್ಕೊಮ್ಮೆ ಶಿರಾ ತಿಂದು ಎದ್ದು ಹೋಗುವ ಸಭೆಯಲ್ಲಿ ಇದು ಯಾವುದೂ ಇಲ್ಲ. ಹೆಂಗಸರ ಸಂಘಗಳು ಕೆಡುವುದೂ ಇವು ತಪ್ಪಿದಾಗಲೇ. ಓದು ಬರುವ ಒಬ್ಬಳೇ ಪುಸ್ತಕ ಬರೆಯುತ್ತ ವರ್ಷಗಟ್ಟಲೆ ಪ್ರತಿನಿಧಿಯಾಗಿ ಉಳಿದರೆ ಉಳಿದ ಹದಿನೈದು ಜನ ಹೂಂಗುಟ್ಟುವವರಾಗುತ್ತಾರೆ.

ಸಹಕಾರ ಸಂಘದ ನಿರ್ದೇಶಕರಿಗೆ ಇದರಿಂದ ಕಲಿಯುವ ಕಾರಣ ಕಾಯ್ದೆಯಲ್ಲೇ ಇದೆ. ವ್ಯವಹಾರ ಕೆಟ್ಟರೆ 64ನೇ ಕಲಮಿನ ವಿಚಾರಣೆ, ನಷ್ಟಕ್ಕೆ ಹೊಣೆಯಾದವರಿಂದ 69ನೇ ಕಲಮಿನಡಿ ವಸೂಲಿ. ಆಗ “ನಾ ಅವತ್ತ ಒಳಗೊಳಗ ಬ್ಯಾಡ ಅಂದಿದ್ದೆ” ಎಂಬ ಮಾತು ನಿಲ್ಲುವುದಿಲ್ಲ. ಬೇಡವೆಂದವರ ಭಿನ್ನಮತ ಠರಾವು ಪುಸ್ತಕದಲ್ಲಿ ಇರಬೇಕು. ಆದರೆ ಬರೆಸುವವರಿಲ್ಲ, ಬರೆಸಿದರೆ ಅಧ್ಯಕ್ಷರಿಗೆ ಅವಮಾನ ಎಂದು ತಿಳಿಯುತ್ತಾರೆ. ನೋಟಿಸಿನ ಕೊನೆಯ ವಿಷಯವನ್ನೂ ಗಮನಿಸಬೇಕು: ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು. ಜಾಗ ಖರೀದಿ, ಕಟ್ಟಡದ ಗುತ್ತಿಗೆ, ಸಿಬ್ಬಂದಿ ನೇಮಕ, ಇಂಥವು ಎಷ್ಟೋ ಸಲ ಈ ಬಾಗಿಲಿನಿಂದಲೇ ಒಳಗೆ ಬರುತ್ತವೆ, ಜನ ಊಟದ ಸಾಲಿಗೆ ಎದ್ದ ಮೇಲೆ.

ಈಗ ಅದೇ ಅಂಗನವಾಡಿಗೆ, ಅದೇ ಜಮಖಾನೆಗೆ ಬೇರೆಯವರೂ ಬರತೊಡಗಿದ್ದಾರೆ. ಮೈಕ್ರೊ ಫೈನಾನ್ಸ್ ಕಂಪನಿಯ ಹುಡುಗ ಬೈಕಿನಲ್ಲಿ ಬಂದು ಐದಾರು ಹೆಂಗಸರನ್ನು ಗುಂಪು ಮಾಡುತ್ತಾನೆ. ಇಲ್ಲಿಯೂ ಸುತ್ತುಗಟ್ಟಿ ಕೂರುತ್ತಾರೆ, ಇಲ್ಲಿಯೂ ಎಲ್ಲರ ಸಹಿ, ಒಬ್ಬಳು ಕಟ್ಟದಿದ್ದರೆ ಉಳಿದವರು ಹೊಣೆ. ಆದರೆ ಎಷ್ಟು ಸಾಲ, ಎಷ್ಟು ಬಡ್ಡಿ, ಯಾವ ವಾರ ಕಂತು ಎಂಬ ಒಂದನ್ನೂ ಆ ಹೆಂಗಸರು ಕೂಡಿ ತೀರ್ಮಾನಿಸಿದ್ದಲ್ಲ. ಹೊಣೆ ಮಾತ್ರ ಕೂಡಿ ಹೊತ್ತದ್ದು. ಕಂತು ವಸೂಲಿಯ ಕಿರುಕುಳ ರಾಜ್ಯದಲ್ಲಿ ಮಿತಿಮೀರಿ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು. ಮನೆ ಮುಂದೆ ಬಂದು ಕೂರುವವರ ಕೈ ಕಟ್ಟಲು ಅದರಲ್ಲಿ ಕಲಮುಗಳಿವೆ. ಸಾಲದ ಕರಾರನ್ನು ಆ ಆರು ಹೆಂಗಸರ ಮುಂದೆ ಓದಿ, ಒಬ್ಬೊಬ್ಬಳನ್ನೂ ಹೆಸರು ಹಿಡಿದು ಕೇಳುವ ಕೆಲಸವನ್ನು ಕಂಪನಿಯ ಹುಡುಗ ಮಾಡುವುದಿಲ್ಲ. ಅವನಿಗೆ ಮಧ್ಯಾಹ್ನದೊಳಗೆ ಇನ್ನೂ ಮೂರು ಹಳ್ಳಿ ಮುಗಿಸಬೇಕಿರುತ್ತದೆ.